ಮಂದ್ರದ ಭಾರ

ಬೇಸ್ ಗಿಟಾರಿನ ಅತಿ ದಪ್ಪ ತಂತಿಯನ್ನು ಮೀಟಿದರೆ ಅದು ಸೆಕೆಂಡಿಗೆ 41 ಸಲ ಕಂಪಿಸುತ್ತದೆ. ಆ ಕಂಪನ ಗಾಳಿಗಿಳಿದಾಗ ಒಂದೊಂದು ಅಲೆಯ ಉದ್ದ ಎಂಟು ಮೀಟರಿಗಿಂತ ಹೆಚ್ಚು. ಮುಂಬೈಯ ಒಂದು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಅದಕ್ಕೆ ಕಾಲು ಚಾಚಲೂ ಜಾಗವಿಲ್ಲ. ಇಷ್ಟು ದೊಡ್ಡ ಅಲೆಯನ್ನು ಎಬ್ಬಿಸುವ ಕೆಲಸವನ್ನು ಹತ್ತೋ ಹನ್ನೆರಡೋ ಇಂಚಿನ ಒಂದು ಕಾಗದದ ಕೋನಿಗೆ ಒಪ್ಪಿಸುತ್ತೇವೆ. ಆ ಕೋನನ್ನು ಒಂದು ಮರದ ಪೆಟ್ಟಿಗೆಯಲ್ಲಿ ಕೂರಿಸುತ್ತೇವೆ. ಆಮೇಲೆ, ಆ ಪೆಟ್ಟಿಗೆ ಟ್ಯಾಕ್ಸಿಯ ಡಿಕ್ಕಿಯಲ್ಲಿ ಹಿಡಿಸಬೇಕು ಅನ್ನುತ್ತೇವೆ.

ಕಾರ್ಯಕ್ರಮ ಕೊಡುವ ಬೇಸ್ ವಾದಕರು ಇಬ್ಬರು ಒಂದೆಡೆ ಸೇರಿದರೆ ಈ ಪೆಟ್ಟಿಗೆಯ ಮಾತು ಬಂದೇ ಬರುತ್ತದೆ. ಹತ್ತಿಂಚಿನ ನಾಲ್ಕು ಸ್ಪೀಕರಿನದು ಒಳ್ಳೆಯದೋ, ಹನ್ನೆರಡರ ಎರಡೋ, ಹದಿನೈದರ ಒಂದೇ ಒಂದೋ? ಮುಚ್ಚಿದ ಪೆಟ್ಟಿಗೆಯೋ, ತೂತಿರುವುದೋ? ಇದಕ್ಕೆ ಕೊಡುವ ಹಣ ಸಣ್ಣದಲ್ಲ. ತಪ್ಪಿದರೆ ಸಭೆಯಲ್ಲಿ ನಿಮ್ಮ ವಾದ್ಯ ಕೇಳಿಸುವುದಿಲ್ಲ, ಇಲ್ಲವೇ ಎರಡನೇ ಮಹಡಿಯ ಮೆಟ್ಟಿಲು ಹತ್ತುವಾಗ ಸೊಂಟ ಹಿಡಿದುಕೊಳ್ಳುತ್ತದೆ. ಅಂಗಡಿಯವರು ಇದನ್ನು ರುಚಿಯ ಪ್ರಶ್ನೆ ಎಂಬಂತೆ ಮಾತಾಡುತ್ತಾರೆ. ನನಗೆ ಅನ್ನಿಸುವುದು ಬೇರೆ. ಈ ಪ್ರತಿಯೊಂದು ಪೆಟ್ಟಿಗೆಯೂ ಒಂದು ನಿರ್ದಿಷ್ಟ ಕಾಲದ ನಿರ್ದಿಷ್ಟ ಕಷ್ಟಕ್ಕೆ ಯಾರೋ ಕಂಡುಕೊಂಡ ಉಪಾಯ. ಆ ಕಾಲ ಹೋಗಿದೆ, ಪೆಟ್ಟಿಗೆ ಉಳಿದಿದೆ. ಯಾವ ಕಷ್ಟಕ್ಕೆ ಹುಟ್ಟಿದ್ದು ಎಂದು ತಿಳಿದರೆ ನಮ್ಮ ಕಷ್ಟ ಅದೇ ಹೌದೋ ಅಲ್ಲವೋ ನೋಡಿಕೊಳ್ಳಬಹುದು.

ಹೆಸರಿನ ಬಗ್ಗೆ ಒಂದು ಮಾತು. ಕ್ಯಾಬಿನೆಟ್ ಎಂದರೆ ಕನ್ನಡ ಪತ್ರಿಕೆ ಓದುವವರ ಕಣ್ಣ ಮುಂದೆ ಬರುವುದು ಸಚಿವ ಸಂಪುಟ. ತಮಾಷೆಯೆಂದರೆ ಸಂಪುಟ ಎಂಬ ಮಾತಿಗೂ ಮೂಲದಲ್ಲಿ ಮುಚ್ಚಳವಿರುವ ಕರಡಿಗೆ ಎಂಬ ಅರ್ಥವಿದೆ. ಎರಡು ಭಾಷೆಗಳೂ ಪೆಟ್ಟಿಗೆಯಿಂದ ಮಂತ್ರಿಗಳವರೆಗೆ ಹೋಗಿವೆ. ನಾನಿಲ್ಲಿ ಪೆಟ್ಟಿಗೆ ಎಂದೇ ಬರೆಯುತ್ತೇನೆ.

1951ಕ್ಕೆ ಮೊದಲು ಬ್ಯಾಂಡುಗಳಲ್ಲಿ ಮಂದ್ರದ ಕೆಲಸ ಮಾಡುತ್ತಿದ್ದುದು ಡಬಲ್ ಬೇಸ್, ಆಳೆತ್ತರದ ಆ ಪಿಟೀಲು. ಹಿತ್ತಾಳೆ ವಾದ್ಯಗಳೂ ಡ್ರಮ್ಮೂ ಜೋರಾದರೆ ಅದು ನೋಡಲಿಕ್ಕೆ ಸಿಗುತ್ತಿತ್ತು, ಕೇಳಲಿಕ್ಕೆ ಸಿಗುತ್ತಿರಲಿಲ್ಲ. ಇದನ್ನು ಸರಿಪಡಿಸಲು ಹೊರಟವರಲ್ಲಿ ಎವರೆಟ್ ಹಲ್ ಒಬ್ಬ. ಪಿಯಾನೋ ಮತ್ತು ಬೇಸ್ ಎರಡನ್ನೂ ನುಡಿಸುತ್ತಿದ್ದವನು. ಡಬಲ್ ಬೇಸ್ ನೆಲಕ್ಕೆ ಊರಿ ನಿಲ್ಲುವ ಅಡಿಯ ಗೂಟದ ಮೂಲಕ ವಾದ್ಯದ ಹೊಟ್ಟೆಯೊಳಗೆ ಮೈಕ್ ಇಡುವ ಉಪಾಯ ಅವನದು. ಗೂಟಕ್ಕೆ ಇಂಗ್ಲಿಷಿನಲ್ಲಿ ಪೆಗ್. ಆಂಪ್ಲಿಫೈಡ್ ಪೆಗ್ ಎಂಬುದನ್ನು ಮೊಟಕುಗೊಳಿಸಿ ಕಂಪನಿಗೆ ಆಂಪೆಗ್ ಎಂದು ಹೆಸರಾಯಿತು. ಈ ಹೆಸರನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ.

ಇನ್ನೊಬ್ಬ ಲಿಯೋ ಫೆಂಡರ್. ಕ್ಯಾಲಿಫೋರ್ನಿಯಾದ ಫುಲರ್ಟನ್ ಊರಿನಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದವನು, ಗಿಟಾರ್ ನುಡಿಸಲು ಬರುತ್ತಿರಲಿಲ್ಲ. 1951ರಲ್ಲಿ ಅವನು ಡಬಲ್ ಬೇಸಿನ ನಾಲ್ಕು ತಂತಿಗಳನ್ನು ಗಿಟಾರಿನ ಆಕಾರದ ಹಲಗೆಯ ಮೇಲೆ ಕಟ್ಟಿ, ಕುತ್ತಿಗೆಗೆ ಮೆಟ್ಟುಗಳನ್ನು ಹಾಕಿ, ಪ್ರಿಸಿಷನ್ ಬೇಸ್ ಎಂದು ಮಾರಿದ. ವಾದ್ಯ ಹಗುರವಾಯಿತು, ಹೆಗಲಿಗೆ ಬಂತು. ಆದರೆ ಡಬಲ್ ಬೇಸಿಗೆ ತನ್ನದೇ ಮರದ ಹೊಟ್ಟೆ ಇತ್ತು. ಈ ಹಲಗೆಗೆ ಹೊಟ್ಟೆಯೇ ಇಲ್ಲ. ವಾದ್ಯದಿಂದ ಇಳಿಸಿದ ಹೊಟ್ಟೆಯನ್ನು ಬೇರೊಂದು ಪೆಟ್ಟಿಗೆಯಾಗಿ ಪಕ್ಕದಲ್ಲಿ ಹೊತ್ತು ತರಬೇಕಾಯಿತು. ನಮ್ಮ ಕಥೆ ಶುರುವಾಗುವುದು ಇಲ್ಲಿಂದ.

ಮೊದಲ ಪೆಟ್ಟಿಗೆ 1952ರ ಫೆಂಡರ್ ಬೇಸ್‌ಮನ್. ಹದಿನೈದು ಇಂಚಿನ ಒಂದೇ ಸ್ಪೀಕರ್, ಸುಮಾರು 26 ವ್ಯಾಟ್. ಎರಡು ವರ್ಷದಲ್ಲಿ ಅದನ್ನು ಬದಲಿಸಿ ಹತ್ತಿಂಚಿನ ನಾಲ್ಕು ಸ್ಪೀಕರ್ ಹಾಕಿದರು, ಪೆಟ್ಟಿಗೆಯ ಬೆನ್ನು ತೆರೆದಿತ್ತು. ಅದು ಬೇಸಿಗೆ ಅಷ್ಟೇನೂ ಒಗ್ಗಲಿಲ್ಲ. ಆದರೆ ಗಿಟಾರ್ ನುಡಿಸುವವರು ಅದನ್ನು ಕಂಡು ಮರುಳಾದರು. ಲಂಡನ್ನಿನ ಪಶ್ಚಿಮದಲ್ಲಿ ಡ್ರಮ್ ಅಂಗಡಿ ಇಟ್ಟಿದ್ದ ಜಿಮ್ ಮಾರ್ಷಲ್ 1962ರ ಹೊತ್ತಿಗೆ ತನ್ನ ಮೊದಲ ಆಂಪ್ಲಿಫೈಯರ್ ಮಾಡಿಸಿದಾಗ ಎದುರಿಗೆ ಇಟ್ಟುಕೊಂಡದ್ದು ಈ ಬೇಸ್‌ಮನ್ನಿನ ಸರ್ಕ್ಯೂಟನ್ನೇ. ರಾಕ್ ಗಿಟಾರಿನ ಆ ಕರ್ಕಶ ಸೊಗಸು ಬೇಸಿಗೆಂದು ಮಾಡಿದ ಸಲಕರಣೆಯ ವಂಶದಿಂದ ಬಂದದ್ದು.

ಬೆನ್ನು ತೆರೆದಿದ್ದರೆ ಏನು ತೊಂದರೆ? ಸ್ಪೀಕರಿನ ಕೋನ್ ಮುಂದಕ್ಕೆ ಚಲಿಸಿದಾಗ ಮುಂದಿನ ಗಾಳಿ ಒತ್ತಿಕೊಳ್ಳುತ್ತದೆ, ಅದೇ ಕ್ಷಣದಲ್ಲಿ ಹಿಂದಿನ ಗಾಳಿ ಸಡಿಲವಾಗುತ್ತದೆ. ತಾರಸ್ವರದ ಗಿಡ್ಡ ಅಲೆಗಳು ನೇರ ಮುಂದೆ ಹೋಗಿಬಿಡುತ್ತವೆ. ಮಂದ್ರದ ಉದ್ದ ಅಲೆಗಳಿಗೆ ಆ ಶಿಸ್ತಿಲ್ಲ, ಅಂಚನ್ನು ಬಳಸಿ ಹಿಂದಕ್ಕೂ ಮುಂದಕ್ಕೂ ಹರಿದು ಒಂದನ್ನೊಂದು ಅಳಿಸಿಹಾಕುತ್ತವೆ. ಪೆಟ್ಟಿಗೆ ಬೇಕಾಗುವುದು ಈ ಜಗಳ ಬಿಡಿಸಲಿಕ್ಕೆ. ನಾವು ಇಂದು ಬಳಸುವ ಬಗೆಯ ಸ್ಪೀಕರನ್ನು ಜನರಲ್ ಎಲೆಕ್ಟ್ರಿಕ್‌ನ ರೈಸ್ ಮತ್ತು ಕೆಲಾಗ್ 1925ರಲ್ಲಿ ರೂಪಿಸಿದರು. ಹಿಂದಿನ ಶಬ್ದವನ್ನು ಬಂಧಿಸುವ ಬದಲು ದುಡಿಸಿಕೊಳ್ಳುವ ದಾರಿಗೆ ಬೆಲ್ ಲ್ಯಾಬ್ಸಿನ ಆಲ್ಬರ್ಟ್ ಥುರಾಸ್ 1932ರಲ್ಲಿ ಪೇಟೆಂಟ್ ಪಡೆದ: ಪೆಟ್ಟಿಗೆಗೆ ಲೆಕ್ಕಾಚಾರದ ಒಂದು ತೂತು. ಇದನ್ನು ವಿವರಿಸಲು ಇಂಗ್ಲಿಷ್ ಪುಸ್ತಕಗಳು ಬಾಟಲಿಯ ಬಾಯಿಗೆ ಊದುವ ಉದಾಹರಣೆ ಕೊಡುತ್ತವೆ. ನಮಗೆ ಘಟಂ ಇದೆ. ವಿದ್ವಾಂಸರು ಘಟದ ಬಾಯನ್ನು ಹೊಟ್ಟೆಗೆ ಒತ್ತಿ, ಸಡಿಲಿಸಿ ಆ ಗುಮ್ಮೆನ್ನುವ ನಾದವನ್ನು ಏರಿಳಿಸುವುದನ್ನು ನೋಡಿದ್ದೀರಿ. ಒಳಗಿನ ಗಾಳಿಗೆ ತನ್ನದೇ ಶ್ರುತಿ ಇದೆ, ಬಾಯಿಯ ಅಳತೆ ಬದಲಾದರೆ ಆ ಶ್ರುತಿ ಬದಲಾಗುತ್ತದೆ. ತೂತಿನ ಪೆಟ್ಟಿಗೆಯಲ್ಲಿ ನಡೆಯುವುದು ಇದೇ. ಸ್ಪೀಕರಿಗೆ ಕೆಳಗಿಳಿಯಲು ಕಷ್ಟವಾಗುವ ಸ್ವರದ ಹತ್ತಿರ ಗಾಳಿಯ ಶ್ರುತಿಯನ್ನು ಇಟ್ಟರೆ ಅಲ್ಲಿ ಗಾಳಿಯೇ ಹಾಡುತ್ತದೆ. ಆ ಸ್ವರದಿಂದ ಇನ್ನೂ ಕೆಳಗೆ ಹೋದರೆ ಮಾತ್ರ ಕೋನಿಗೆ ಹಿಡಿತ ತಪ್ಪುತ್ತದೆ, ಧ್ವನಿ ಮುಚ್ಚಿದ ಪೆಟ್ಟಿಗೆಗಿಂತ ಬೇಗ ಬಿದ್ದುಹೋಗುತ್ತದೆ.

ಆಂಪೆಗ್‌ಗೆ ಮರಳೋಣ. 1960ರಲ್ಲಿ ಅಲ್ಲಿನ ಜೆಸ್ ಆಲಿವರ್ ಎಂಬ ಇಂಜಿನಿಯರ್ ರೂಪಿಸಿದ ಪೋರ್ಟಾಫ್ಲೆಕ್ಸ್ ಬಿ-15 ಇವತ್ತಿಗೂ ಸ್ಟುಡಿಯೋಗಳಲ್ಲಿ ಜನ ಪ್ರೀತಿಯಿಂದ ಸವರುವ ಸಾಮಾನು. ಹದಿನೈದು ಇಂಚಿನ ಒಂದು ಸ್ಪೀಕರ್, 25 ವ್ಯಾಟ್. ಆಂಪ್ಲಿಫೈಯರನ್ನು ಮುಚ್ಚಳಕ್ಕೆ ತಲೆಕೆಳಗಾಗಿ ಜೋಡಿಸಿತ್ತು. ಕೆಲಸ ಮುಗಿದ ಮೇಲೆ ಮುಚ್ಚಳ ಮಗುಚಿದರೆ ಆಂಪ್ಲಿಫೈಯರ್ ಪೆಟ್ಟಿಗೆಯ ಹೊಟ್ಟೆಯೊಳಗೆ ಮಲಗುತ್ತಿತ್ತು. ಮೋಟೌನ್ ಸಂಗೀತಕ್ಕೆ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ ಬಳಸುತ್ತಿದ್ದ ಆಂಪ್ ಇದು. ಹಲ್‌ಗೆ ರಾಕ್ ಸಂಗೀತ ಕಂಡರೆ ಆಗುತ್ತಿರಲಿಲ್ಲ. ಧ್ವನಿ ಒಡೆಯಬಾರದು, ಸ್ವಚ್ಛವಾಗಿರಬೇಕು ಎಂಬುದು ಅವನ ಹಟ. ಕ್ಲಬ್ಬುಗಳಲ್ಲಿ ಜಾಝ್ ನುಡಿಸುವವನಿಗೆ ಆ 25 ವ್ಯಾಟ್ ಧಾರಾಳವಾಗಿ ಸಾಕಿತ್ತು.

ಆದರೆ ಕ್ಲಬ್ಬಿನ ಗೋಡೆಗಳು ಬೀಳುತ್ತಿದ್ದವು. 1965ರ ಆಗಸ್ಟ್ 15ರಂದು ನ್ಯೂಯಾರ್ಕಿನ ಶೇ ಸ್ಟೇಡಿಯಮ್ಮಿನಲ್ಲಿ ಬೀಟಲ್ಸ್ ನುಡಿಸಿದಾಗ ಸೇರಿದ್ದವರು 55 ಸಾವಿರಕ್ಕೂ ಹೆಚ್ಚು. ಅವರ ಹಿಂದೆ ಇದ್ದದ್ದು ನೂರು ನೂರು ವ್ಯಾಟಿನ ವಾಕ್ಸ್ ಆಂಪ್‌ಗಳು. ಹಾಡುವ ದನಿ ಹೊರಟದ್ದು ಬೇಸ್‌ಬಾಲ್ ಸ್ಕೋರು ಹೇಳುವ ಸ್ಪೀಕರುಗಳಿಂದ. ಇವತ್ತು ನಾವು ಕಾಣುವಂತೆ ಎಲ್ಲ ವಾದ್ಯಗಳನ್ನೂ ಮಿಕ್ಸರಿಗೆ ಕೊಟ್ಟು ದೊಡ್ಡ ಪಿಎ ಸ್ಪೀಕರುಗಳಿಂದ ಸಭೆಗೆ ಹಂಚುವ ಪದ್ಧತಿ ಆಗಿನ್ನೂ ಕಣ್ಣುಬಿಡುತ್ತಿತ್ತು. ಇಂಗ್ಲೆಂಡಿನ ಚಾರ್ಲಿ ವಾಟ್ಕಿನ್ಸ್ 1967ರ ವಿಂಡ್ಸರ್ ಉತ್ಸವಕ್ಕೆ 1000 ವ್ಯಾಟಿನ ಪಿಎ ತಂದದ್ದು ದೊಡ್ಡ ಸುದ್ದಿಯಾಯಿತು. ಅಂದರೆ ಆ ವರ್ಷಗಳಲ್ಲಿ ಬೇಸ್ ವಾದಕನ ಬೆನ್ನ ಹಿಂದಿನ ಪೆಟ್ಟಿಗೆಯೇ ಕೊನೆಯ ಸಾಲಿನ ಪ್ರೇಕ್ಷಕನವರೆಗೆ ಮುಟ್ಟಬೇಕಿತ್ತು. ಮಧ್ಯೆ ಬೇರೆ ಯಾರೂ ಇರಲಿಲ್ಲ.

ಆ ಒತ್ತಡದಲ್ಲಿ ಹುಟ್ಟಿದ್ದು ಬೇಸ್ ಪೆಟ್ಟಿಗೆಗಳ ರಾಜ. ಹಲ್ 1967ರಲ್ಲಿ ಕಂಪನಿ ಮಾರಿದ್ದ. ಹೊಸ ಆಡಳಿತಕ್ಕೆ ರಾಕ್ ಮೇಲೆ ಮುನಿಸಿರಲಿಲ್ಲ. ಬಿಲ್ ಹ್ಯೂಸ್ ಮತ್ತು ರೋಜರ್ ಕಾಕ್ಸ್ ಸೇರಿ 1969ರಲ್ಲಿ ಎಸ್‌ವಿಟಿ ಎಂಬ ಆಂಪ್ಲಿಫೈಯರ್ ಹೊರತಂದರು: 300 ವ್ಯಾಟ್, ಒಳಗೆ 14 ವ್ಯಾಕ್ಯೂಮ್ ಟ್ಯೂಬುಗಳು. ಹೆಡ್ ಒಂದರ ತೂಕವೇ ಸುಮಾರು 40 ಕಿಲೋ. ಅದಕ್ಕೆ ಜೊತೆಯಾಗಿ ಹತ್ತಿಂಚಿನ ಎಂಟು ಸ್ಪೀಕರುಗಳ ಪೆಟ್ಟಿಗೆ. ಒಳಗೆ ನಾಲ್ಕು ಕೋಣೆ, ಕೋಣೆಗೆರಡು ಸ್ಪೀಕರ್, ಪೂರ್ತಿ ಮುಚ್ಚಿದ್ದು. ಆಗಿನ ಸ್ಪೀಕರುಗಳು ಆ 300 ವ್ಯಾಟನ್ನು ತಡೆದುಕೊಳ್ಳಲಾರವು ಎಂದು ಒಂದು ಹೆಡ್ಡಿಗೆ ಇಂಥ ಎರಡು ಪೆಟ್ಟಿಗೆ ಇಡಬೇಕಾಗಿತ್ತು. ರೋಲಿಂಗ್ ಸ್ಟೋನ್ಸ್ ತಂಡ ಅದೇ ವರ್ಷದ ಅಮೆರಿಕ ಪ್ರವಾಸಕ್ಕೆ ಇದರ ಮಾದರಿ ಪ್ರತಿಗಳನ್ನೇ ಒಯ್ದಿತು, ಬೇಸಿಗಷ್ಟೇ ಅಲ್ಲ, ಗಿಟಾರುಗಳಿಗೂ. ನಾಲ್ಕಡಿ ಎತ್ತರದ ಈ ಪೆಟ್ಟಿಗೆಗೆ ಫ್ರಿಜ್ ಎಂದು ಅಡ್ಡಹೆಸರು ಬಿತ್ತು. ನಂತರದ ಮಾದರಿಗಳು 60 ಕಿಲೋ ದಾಟಿದವು. ನಮ್ಮ ದೊಡ್ಡ ನಗರಗಳಲ್ಲಿ ಬ್ಯಾಕ್‌ಲೈನ್ ಬಾಡಿಗೆಗೆ ಕೊಡುವವರ ಗೋದಾಮಿನಲ್ಲೂ ನೀವು ಇದನ್ನು ಕಾಣಬಹುದು.

ಎಂಟು ಹತ್ತಿಂಚುಗಳು ಏಕೆ? ಲೆಕ್ಕ ಸುಲಭ. ವೃತ್ತದ ವಿಸ್ತೀರ್ಣ ವ್ಯಾಸದ ವರ್ಗಕ್ಕೆ ಅನುಗುಣ. ಹದಿನೈದರ ಒಂದು ಸ್ಪೀಕರಿಗೆ 225 ಅಂಕ ಕೊಟ್ಟರೆ, ಹನ್ನೆರಡರ ಎರಡಕ್ಕೆ 288, ಹತ್ತರ ನಾಲ್ಕಕ್ಕೆ 400, ಹತ್ತರ ಎಂಟಕ್ಕೆ 800. ದೊಡ್ಡ ಸ್ಪೀಕರ್ ಎಂದರೆ ಆಳದ ಧ್ವನಿ, ಸಣ್ಣದೆಂದರೆ ಚುರುಕು ಧ್ವನಿ ಎಂದು ಇಂದಿಗೂ ಹೇಳುವವರಿದ್ದಾರೆ. ಆ ಮಾತು 1950ರ ದಶಕದ ಸ್ಪೀಕರುಗಳಿಗೆ ಸಲ್ಲುತ್ತಿತ್ತೋ ಏನೋ, ಈಗ ಅದನ್ನು ನಂಬಿ ಹಣ ಕೊಡಬಾರದು. ಮಂದ್ರದಲ್ಲಿ ಲೆಕ್ಕಕ್ಕೆ ಬರುವುದು ಒಟ್ಟು ಎಷ್ಟು ಗಾಳಿಯನ್ನು ತಳ್ಳಬಲ್ಲದು ಎಂಬುದು: ಕೋನಿನ ವಿಸ್ತೀರ್ಣ, ಅದು ಮುಂದೆ ಹಿಂದೆ ಚಲಿಸುವ ದೂರ, ಇವೆರಡರ ಗುಣಲಬ್ಧ. ಒಂದು ಸ್ಥಾಯಿ ಕೆಳಗಿಳಿದು ಅಷ್ಟೇ ಜೋರಾಗಿ ಕೇಳಿಸಬೇಕಾದರೆ ನಾಲ್ಕು ಪಟ್ಟು ಗಾಳಿ ತಳ್ಳಬೇಕು. ಸ್ಪೀಕರುಗಳು ಮಂದ್ರದಲ್ಲಿ ಸಾಯುವುದು ಈ ನಾಲ್ಕು ಪಟ್ಟಿನಿಂದ.

ಈಗ ಬರುವುದು ನನಗೆ ಈ ಇಡೀ ಚರಿತ್ರೆಯಲ್ಲಿ ಅತ್ಯಂತ ಇಷ್ಟವಾದ ಸಂಗತಿ. ಆಂಪೆಗ್ ಕಂಪನಿ ತನ್ನ ಎಂಟು-ಹತ್ತರ ಪೆಟ್ಟಿಗೆಗೆ, ನಂತರದ ಮಾದರಿಯೊಂದಕ್ಕೆ, ಕೊಟ್ಟ ಅಳತೆ ನೋಡಿ. 58 ಹರ್ಟ್ಸ್‌ಗೆ ಬರುವಷ್ಟರಲ್ಲಿ ಧ್ವನಿ 3 ಡೆಸಿಬೆಲ್ ಇಳಿದಿರುತ್ತದೆ, 40ಕ್ಕೆ ಬರುವಷ್ಟರಲ್ಲಿ 10 ಡೆಸಿಬೆಲ್. ಹತ್ತು ಡೆಸಿಬೆಲ್ ಎಂದರೆ ಶಕ್ತಿಯಲ್ಲಿ ಹತ್ತನೇ ಒಂದು ಭಾಗ. ಬೇಸಿನ ಕೆಳಗಿನ ತಂತಿಯ ಸ್ವರ ಇರುವುದು 41ರಲ್ಲಿ! ಅಂದರೆ ಜಗತ್ತಿನ ಅತಿ ಪ್ರಸಿದ್ಧ ಬೇಸ್ ಪೆಟ್ಟಿಗೆ ಬೇಸಿನ ಅತಿ ಕೆಳಗಿನ ಸ್ವರದ ಬುಡವನ್ನು ಹೆಚ್ಚುಕಡಿಮೆ ಕೈಬಿಟ್ಟಿದೆ. ಹಾಗಿದ್ದರೂ ಅದನ್ನು ಕೇಳಿದ ಯಾರೂ ಇದರಲ್ಲಿ ಮಂದ್ರವಿಲ್ಲ ಎಂದಿಲ್ಲ. ಎದೆಗೇ ಬಂದು ಬಡಿಯುತ್ತದೆ ಎಂದೇ ಎಲ್ಲರೂ ಹೇಳುವುದು.

ಉತ್ತರ ಪೆಟ್ಟಿಗೆಯಲ್ಲಿಲ್ಲ, ನಮ್ಮ ಕಿವಿಯಲ್ಲಿದೆ. ತಂತಿ 41ರಲ್ಲಿ ಕಂಪಿಸುವಾಗ ಜೊತೆಜೊತೆಗೆ 82, 123, 164, ಹೀಗೆ ಅದರ ಗುಣಕಗಳಲ್ಲೂ ಕಂಪಿಸುತ್ತದೆ. ತಂಬೂರಿಯ ಜೀವಾಳ ಸರಿಹೊಂದಿದಾಗ ಮೀಟಿದ ಸ್ವರದ ಮೇಲೆ ಬೇರೆ ಸ್ವರಗಳು ಎದ್ದು ಕೇಳಿಸುತ್ತವಲ್ಲ, ಅವೇ ಇವು. ಬುಡದ 41 ಇಲ್ಲದೆ 82, 123, 164 ಮಾತ್ರ ಕಿವಿಗೆ ಬಿದ್ದರೂ ಮಿದುಳು ಇವೆಲ್ಲ 41ರ ಮಕ್ಕಳು ಎಂದು ತೀರ್ಮಾನಿಸಿ, ಇಲ್ಲದ ತಾಯಿಯ ಸ್ವರವನ್ನೇ ಕೇಳುತ್ತದೆ. 1841ರಲ್ಲಿ ಆಗಸ್ಟ್ ಸೀಬೆಕ್ ಎಂಬ ಜರ್ಮನ್ ವಿಜ್ಞಾನಿ ಸೈರನ್ ಇಟ್ಟುಕೊಂಡು ಪ್ರಯೋಗ ಮಾಡಿ ಇದರ ಸುಳಿವು ಕೊಟ್ಟ. ಅದನ್ನು ವಿರೋಧಿಸಿದವನು ಗೇಯಾರ್ಗ್ ಓಮ್. ಆ ಕಂಪನ ಇದ್ದರಷ್ಟೇ ಆ ಸ್ವರ ಕೇಳಿಸಲು ಸಾಧ್ಯ ಎಂದು 1843ರಲ್ಲಿ ವಾದಿಸಿದ. ಹೌದು, ಅದೇ ಓಮ್. ಪ್ರತಿ ಪೆಟ್ಟಿಗೆಯ ಬೆನ್ನ ಮೇಲೆ 8 ಓಮ್, 4 ಓಮ್ ಎಂದು ಯಾರ ಹೆಸರಿದೆಯೋ ಅವನೇ. ವಿದ್ಯುತ್ತಿನ ವಿಷಯದಲ್ಲಿ ಅವನ ನಿಯಮ ಇಂದಿಗೂ ನಡೆಯುತ್ತದೆ, ಕಿವಿಯ ವಿಷಯದಲ್ಲಿ ಸೋತ. ಹೆಲ್ಮ್‌ಹೋಲ್ಟ್ಸ್‌ನಂಥ ಘಟಾನುಘಟಿ ಅವನ ಪರ ನಿಂತದ್ದರಿಂದ ಸೀಬೆಕ್‌ಗೆ ನ್ಯಾಯ ಸಿಗಲು ಸುಮಾರು ನೂರು ವರ್ಷ ಬೇಕಾಯಿತು. ಸರಿಸುಮಾರು 1940ರಲ್ಲಿ ನೆದರ್ಲೆಂಡ್ಸಿನ ಸ್ಕೌಟೆನ್ ಆ ಪ್ರಶ್ನೆಯನ್ನು ಮತ್ತೆ ಎತ್ತಿಕೊಂಡ.

ಭಾಷಾವಿಜ್ಞಾನದ ಎಂ.ಎ.ಯಲ್ಲಿ ಧ್ವನಿವಿಜ್ಞಾನ ಓದಿದವರಿಗೆ ಇದು ಬೇರೊಂದು ಬಾಗಿಲಿನಿಂದ ಪರಿಚಯ. ಹಳೆಯ ಟೆಲಿಫೋನ್ ಸಾಗಿಸುತ್ತಿದ್ದುದು 300ರಿಂದ 3400 ಹರ್ಟ್ಸ್‌ವರೆಗಿನ ಧ್ವನಿಯನ್ನು ಮಾತ್ರ. ಗಂಡಸಿನ ಮಾತಿನ ಬುಡದ ಸ್ವರ ಇರುವುದು ನೂರರಿಂದ ನೂರಮೂವತ್ತರ ಆಸುಪಾಸಿನಲ್ಲಿ. ಪುಣೆಯ ಎಸ್‌ಟಿಡಿ ಬೂತಿನಿಂದ ಊರಿಗೆ ಫೋನ್ ಮಾಡಿ ಅಪ್ಪನ ಗಡಸು ದನಿ ಕೇಳಿದವರಿಗೆ ಆ ಗಡಸಿನ ಬುಡವನ್ನು ತಂತಿ ಕಳಿಸಿಯೇ ಇರಲಿಲ್ಲ. ಇಳಯರಾಜಾ ಸಂಗೀತ ಕೊಟ್ಟ ‘ಗೀತಾ’ (1981), ‘ಪಲ್ಲವಿ ಅನುಪಲ್ಲವಿ’ (1983) ಚಿತ್ರಗಳ ಹಾಡುಗಳಲ್ಲಿ ಬೇಸ್ ಗಿಟಾರ್ ಎಷ್ಟು ಲವಲವಿಕೆಯಿಂದ ಓಡಾಡುತ್ತದೆ ಎಂಬುದು ಕನ್ನಡಿಗರಿಗೆ ಹೇಳಿಕೊಡಬೇಕಾದ್ದಲ್ಲ. ನಮ್ಮಲ್ಲಿ ಬಹುಪಾಲು ಜನ ಅದನ್ನು ಮೊದಲು ಕೇಳಿದ್ದು ಅಂಗೈಯಗಲದ ಸ್ಪೀಕರಿದ್ದ ಟ್ರಾನ್ಸಿಸ್ಟರಿನಲ್ಲಿ, ಟೇಪ್ ರೆಕಾರ್ಡರಿನಲ್ಲಿ. ಆ ಡಬ್ಬಿಗಳಿಗೆ ಐವತ್ತು ಅರವತ್ತು ಹರ್ಟ್ಸ್ ಎಬ್ಬಿಸುವ ಯೋಗ್ಯತೆ ಇರಲೇ ಇಲ್ಲ. ಆ ಬೇಸನ್ನು ನಾವು ಪೂರ್ತಿ ಕೇಳಿದ್ದು ನಮ್ಮ ತಲೆಯ ಸಹಾಯದಿಂದ.

ಬೇಸ್ ಪೆಟ್ಟಿಗೆ ಮಾಡುವವರಿಗೆ ಇದೊಂದು ವರ, ಏಕೆಂದರೆ ಅವರ ತಲೆಯ ಮೇಲೆ ಒಂದು ಕಟ್ಟುನಿಟ್ಟಾದ ನಿಯಮ ತೂಗುತ್ತದೆ. 1957ರಲ್ಲಿ ಕೆಎಲ್‌ಎಚ್ ಎಂಬ ಸ್ಪೀಕರ್ ಕಂಪನಿ ಕಟ್ಟಿದ ಮೂವರಲ್ಲಿ ಹಾಫ್‌ಮನ್ ಒಬ್ಬ. ಅವನ ಹೆಸರಿನಲ್ಲಿ ಬಂದಿರುವ ಉಕ್ಕಿನ ನಿಯಮ ಹೇಳುವುದಿಷ್ಟು: ಪೆಟ್ಟಿಗೆ ಚಿಕ್ಕದಿರಬೇಕು, ಧ್ವನಿ ಆಳಕ್ಕಿಳಿಯಬೇಕು, ಕಡಿಮೆ ವ್ಯಾಟಿನಲ್ಲಿ ಜೋರಾಗಿ ಕೇಳಿಸಬೇಕು, ಈ ಮೂರರಲ್ಲಿ ಎರಡನ್ನು ಮಾತ್ರ ಆರಿಸಿಕೊಳ್ಳಿ. ಮೂರನೆಯದು ಸಿಗುವುದಿಲ್ಲ. ಎಷ್ಟು ಬಿಟ್ಟರೆ ಎಷ್ಟು ಸಿಗುತ್ತದೆ ಎಂಬುದರ ನಿಖರ ಲೆಕ್ಕವನ್ನು ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ ಪ್ರಕಟಿಸಿದ. ಅಮೆರಿಕದ ಪತ್ರಿಕೆ 1971ರಲ್ಲಿ ಮರುಮುದ್ರಿಸುವವರೆಗೆ ಹೊರಗಿನವರು ಅದನ್ನು ಅಷ್ಟಾಗಿ ಗಮನಿಸಲಿಲ್ಲ. ಸಿಡ್ನಿಯಲ್ಲಿ ಸಂಶೋಧನೆ ಮಾಡುತ್ತಿದ್ದ ರಿಚರ್ಡ್ ಸ್ಮಾಲ್ ಅದನ್ನು ಮುಂದುವರಿಸಿದ. ಅಲ್ಲಿಯವರೆಗೆ ಬೇಸ್ ಪೆಟ್ಟಿಗೆ ಮಾಡುವುದು ಬಹುಮಟ್ಟಿಗೆ ಬಡಗಿಯ ಅಂದಾಜು ಮತ್ತು ಕಿವಿಯ ತೀರ್ಪು.

ಈ ನಿಯಮ ಇಟ್ಟುಕೊಂಡು ನೋಡಿದರೆ ಚರಿತ್ರೆ ಅಂಗೈಯಲ್ಲಿ ಕಾಣುತ್ತದೆ. ಬಿ-15 ಜೋರನ್ನು ಬಿಟ್ಟಿತು. ಫ್ರಿಜ್ ಚಿಕ್ಕತನವನ್ನು ಬಿಟ್ಟಿತು, ಸಾಲದೆಂದು ಆಳವನ್ನೂ ಅರ್ಧ ಬಿಟ್ಟಿತು. ಎರಡನ್ನು ಕೊಟ್ಟು ಭಯಂಕರ ಜೋರನ್ನು ಪಡೆಯಿತು. ಬುಡದ ಸ್ವರ ತೆಳುವಾದದ್ದೇ ಒಂದು ರೀತಿಯಲ್ಲಿ ಲಾಭವಾಯಿತು ಎಂದು ನನ್ನ ಎಣಿಕೆ. ಗುಂಯ್‌ಗುಡುವ ಹಾಲಿನಲ್ಲಿ 41 ಹರ್ಟ್ಸ್ ಕೆಸರೆಬ್ಬಿಸುತ್ತದೆ, 80ರಿಂದ 200ರ ನಡುವಿನದು ಸ್ವರವನ್ನು ಗುರುತಿಸಿ ಕೊಡುತ್ತದೆ.

ಬೇರೆ ದಾರಿ ಹಿಡಿದವರೂ ಇದ್ದರು. ಲಾಸ್ ಏಂಜಲೀಸಿನ ಅಕೌಸ್ಟಿಕ್ ಕಂಪನಿ 1960ರ ದಶಕದ ಕೊನೆಯಲ್ಲಿ 360 ಎಂಬ 200 ವ್ಯಾಟಿನ ಸಲಕರಣೆ ತಂದಿತು. ಹದಿನೆಂಟು ಇಂಚಿನ ಸ್ಪೀಕರನ್ನು ಮಡಚಿದ ಕಹಳೆಯ ಒಳಗೆ ಕೂರಿಸಿದ ಪೆಟ್ಟಿಗೆ ಅದರದು. ಜಾಕೋ ಪಾಸ್ಟೋರಿಯಸ್ ಅದನ್ನು ಕೊನೆಯವರೆಗೂ ಪ್ರೀತಿಸಿದ. 1980ರ ದಶಕದ್ದು ಬೇಗ ಹೇಳಿ ಮುಗಿಸಬಹುದಾದ ಕಥೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತನ್ನ ತಾಯಿಯ ತಂಡದಲ್ಲಿ ಡ್ರಮ್ ನುಡಿಸುವವರಿಲ್ಲದಾಗ ಲ್ಯಾರಿ ಗ್ರಹಾಮ್ ಹೆಬ್ಬೆರಳಿನಿಂದ ತಂತಿಯನ್ನು ಬಡಿದು ತಾಳದ ಕೊರತೆ ತುಂಬಿದ್ದ. ಆ ಬಡಿತ ಒಂದು ಶೈಲಿಯಾಗಿ ಹರಡಿತು, ಅದರ ಟಪ್ ಎನ್ನುವ ತುದಿ ಕೇಳಿಸಲು ಪೆಟ್ಟಿಗೆಗೆ ಟ್ವೀಟರ್ ಬಂತು. ಅಕೌಸ್ಟಿಕ್‌ನಲ್ಲಿ ಕೆಲಸ ಮಾಡಿದ್ದ ಸ್ಟೀವ್ ರೇಬ್ 1984ರಲ್ಲಿ ಕಟ್ಟಿದ ಎಸ್‌ಡಬ್ಲ್ಯುಆರ್ ಕಂಪನಿಯ ನಾಲ್ಕು-ಹತ್ತರ ಪೆಟ್ಟಿಗೆ ಇದನ್ನು ರೂಢಿಗೆ ತಂದಿತು. ಜೊತೆಗೆ ಐದು ತಂತಿಯ ಬೇಸ್ ಬಂದು ಬುಡದ ಸ್ವರ 31 ಹರ್ಟ್ಸ್‌ಗೆ ಇಳಿಯಿತು.

ತೂಕ ಇಳಿದದ್ದು ಮಾತ್ರ ಸಂಗೀತದವರ ಪ್ರಯತ್ನದಿಂದಲ್ಲ. ಸ್ಪೀಕರಿನ ಹಿಂದಿನ ದಪ್ಪ ಕಪ್ಪು ಬಳೆಯಂಥ ಅಯಸ್ಕಾಂತ ಫೆರೈಟಿನದು, ಭಾರ. ಜಪಾನಿನ ಸುಮಿಟೊಮೊದಲ್ಲಿ ಮಸಾಟೊ ಸಗಾವಾ, ಅಮೆರಿಕದ ಜನರಲ್ ಮೋಟಾರ್ಸಿನಲ್ಲಿ ಜಾನ್ ಕ್ರೋಟ್, ಇಬ್ಬರೂ ಬೇರೆ ಬೇರೆಯಾಗಿ 1983ರಲ್ಲಿ ನಿಯೋಡಿಮಿಯಂ ಅಯಸ್ಕಾಂತವನ್ನು ಪ್ರಕಟಿಸಿದರು. ಅದರ ಒಂದು ಸಣ್ಣ ಬಿಲ್ಲೆ ಆ ಬಳೆಯ ಕೆಲಸ ಮಾಡುತ್ತಿತ್ತು. ಅಗ್ಗವಾಗಿ ಬೇಸ್ ಪೆಟ್ಟಿಗೆಗಳಿಗೆ ಬರುವ ಹೊತ್ತಿಗೆ 2000ದ ದಶಕ. ಅದೇ ಹೊತ್ತಿಗೆ ಕ್ಲಾಸ್-ಡಿ ಆಂಪ್ಲಿಫೈಯರ್ ಬಂದು, 500-800 ವ್ಯಾಟ್ ಎರಡು ಮೂರು ಕಿಲೋದ ಡಬ್ಬಿಯಲ್ಲಿ ಸಿಗತೊಡಗಿತು. ವ್ಯಾಟ್ ಅಗ್ಗವಾದ ಮೇಲೆ ಉಕ್ಕಿನ ನಿಯಮದ ಲೆಕ್ಕವೇ ತಿರುಗಿತು. ಚಿಕ್ಕ ಪೆಟ್ಟಿಗೆ ಬೇಕು, ಆಳವೂ ಬೇಕು, ವ್ಯಾಟ್ ಎಷ್ಟು ಬೇಕಾದರೂ ತಿನ್ನಲಿ! 2010-11ರಲ್ಲಿ ಚೀನಾ ಅಪರೂಪದ ಲೋಹಗಳ ರಫ್ತು ಬಿಗಿ ಮಾಡಿದಾಗ ನಿಯೋಡಿಮಿಯಂ ಬೆಲೆ ಹಲವು ಪಟ್ಟು ಏರಿತು, ಕೆಲವು ತಯಾರಕರು ಮತ್ತೆ ಫೆರೈಟಿನ ಕಡೆ ನೋಡಿದರು. ಬಾರಿನ ಮೂಲೆಯಲ್ಲಿ ನಿಂತು ಬೇಸ್ ನುಡಿಸುವವನ ಸೊಂಟನೋವಿಗೂ ಚೀನಾದ ಗಣಿಗಳಿಗೂ ಹೀಗೊಂದು ದಾರಿ ಇದೆ.

ಇನ್ನು ಇಂದು ಕೊಳ್ಳುವವರ ಪ್ರಶ್ನೆ. ನನ್ನನ್ನು ಕೇಳಿದರೆ, ಮೊದಲು ತೀರ್ಮಾನಿಸಬೇಕಾದದ್ದು ಸ್ಪೀಕರಿನ ಅಳತೆಯಲ್ಲ, ಸಭೆಗೆ ನಿಮ್ಮ ಧ್ವನಿಯನ್ನು ಮುಟ್ಟಿಸುವವರು ಯಾರು ಎಂಬುದು. ಪಿಎ ಇದೆ, ಬೇಸನ್ನು ಡಿಐ ಬಾಕ್ಸ್ ಮೂಲಕ ಮಿಕ್ಸರಿಗೆ ಕೊಡುತ್ತಾರೆ ಎಂದಾದರೆ ನಿಮ್ಮ ಪೆಟ್ಟಿಗೆ ನಿಮಗೂ ಡ್ರಮ್ಮಿನವರಿಗೂ ಕೇಳಿಸಿದರೆ ಸಾಕು. 1969ರ ಕೆಲಸ ಈಗ ಅದಕ್ಕಿಲ್ಲ. ಅಂಥಲ್ಲಿ ಫ್ರಿಜ್ ತರುವುದೆಂದರೆ ಸೌಂಡ್ ಇಂಜಿನಿಯರ್ ಜೊತೆ ಜಗಳಕ್ಕೆ ತಯಾರಾಗಿ ಬಂದಂತೆ. ಪಿಎಯಲ್ಲಿ ದನಿ ಮಾತ್ರ ಹೋಗುತ್ತದೆ, ಬೇಸ್ ತಾನೇ ಹಾಲನ್ನು ತುಂಬಬೇಕು ಎಂದಾದರೆ ಮಾತ್ರ ಹಳೆಯ ಕಷ್ಟ ಇನ್ನೂ ಜೀವಂತ, ಆಗ ಕೋನಿನ ವಿಸ್ತೀರ್ಣಕ್ಕೆ ಬದಲಿಯಿಲ್ಲ.

ಹೆಚ್ಚಿನವರಿಗೆ ಎರಡೂ ಬಗೆಯ ಕಾರ್ಯಕ್ರಮ ಸಿಗುತ್ತವೆ. ಅಂಥವರಿಗೆ ನಾನು ಹೇಳುವುದು 8 ಓಮಿನ, ಹನ್ನೆರಡರ ಒಂದೇ ಸ್ಪೀಕರಿನ ಹಗುರ ಪೆಟ್ಟಿಗೆ ಒಂದನ್ನು ಕೊಳ್ಳಿ, ಹಣ ಕೂಡಿದಾಗ ಅದರ ಅವಳಿಯನ್ನು ಕೊಳ್ಳಿ. 8 ಓಮಿನ ಎರಡು ಸೇರಿದರೆ 4 ಓಮ್, ಇಂದಿನ ಬಹುತೇಕ ಆಂಪ್‌ಗಳು ಅದನ್ನು ತಡೆದುಕೊಳ್ಳುತ್ತವೆ. ಮೊದಲೇ 4 ಓಮಿನದನ್ನು ಕೊಂಡರೆ ಎರಡನೆಯದಕ್ಕೆ ಬಾಗಿಲು ಮುಚ್ಚಿದ ಹಾಗೆ. 100 ವ್ಯಾಟಿನಿಂದ 200ಕ್ಕೆ ಹೋದರೆ ಸಿಗುವುದು 3 ಡೆಸಿಬೆಲ್, ಕಿವಿಗೆ ಅಷ್ಟೇನೂ ದೊಡ್ಡದಲ್ಲ. ಅದೇ ಆಂಪಿಗೆ ಎರಡನೇ ಪೆಟ್ಟಿಗೆ ಸೇರಿಸಿದರೆ ಮಂದ್ರದಲ್ಲಿ ಹತ್ತಿರಹತ್ತಿರ 6 ಸಿಗುತ್ತದೆ. ಒಂದರ ಮೇಲೊಂದು ಇಡಿ, ಪಕ್ಕಪಕ್ಕ ಬೇಡ. ಮೇಲಿನ ಸ್ಪೀಕರ್ ಕಿವಿಗೆ ಹತ್ತಿರವಾಗುತ್ತದೆ, ಧ್ವನಿ ಅಗಲಕ್ಕೆ ಸಮವಾಗಿ ಹರಡುತ್ತದೆ. ಫ್ರಿಜ್ಜನ್ನು ಜನ ಅಷ್ಟು ಪ್ರೀತಿಸಿದ್ದಕ್ಕೆ ಅದರ ಎತ್ತರವೂ ಕಾರಣ. ಅಲ್ಲಿಯವರೆಗಿನ ಪೆಟ್ಟಿಗೆಗಳು ವಾದಕನ ಮೊಣಕಾಲಿಗೆ ನುಡಿಸುತ್ತಿದ್ದವು.

ಅಂಗಡಿಯ ಕರಪತ್ರದಲ್ಲಿ 35 ಹರ್ಟ್ಸ್‌ನಿಂದ ಎಂದು ಬರೆದು ಎಷ್ಟು ಡೆಸಿಬೆಲ್ ಇಳಿತಕ್ಕೆ ಎಂದು ಬರೆಯದಿದ್ದರೆ ಅದು ಅಳತೆಯಲ್ಲ, ವಿಶೇಷಣ. ಅನುವಾದ ಮಾಡಿ ಹೊಟ್ಟೆ ಹೊರೆಯುವ ನನಗೆ ಇಂಥ ಸಂಖ್ಯೆಗಳು ‘ಉತ್ಕೃಷ್ಟ’, ‘ಅದ್ಭುತ’ಗಳ ಪಕ್ಕದಲ್ಲೇ ಕೂರುತ್ತವೆ.

ಪೆಟ್ಟಿಗೆಯನ್ನೇ ತರದವರೂ ಈಗ ಹೆಚ್ಚುತ್ತಿದ್ದಾರೆ. ಕಿವಿಯೊಳಗೆ ಇಯರ್‌ಫೋನ್, ಕಾಲ ಬಳಿ ಅಂಗೈಯಗಲದ ಒಂದು ಡಿಜಿಟಲ್ ಪೆಡಲ್. ಅದರೊಳಗೆ ಬಗೆಬಗೆಯ ಪೆಟ್ಟಿಗೆಗಳನ್ನು ಮೈಕ್ ಇಟ್ಟು ಅಳೆದು ತೆಗೆದ ಧ್ವನಿಯ ಅಚ್ಚುಗಳು ಫೈಲುಗಳಾಗಿ ಕೂತಿರುತ್ತವೆ. ಆಂಪೆಗ್‌ನ ಎಂಟು-ಹತ್ತು ಆ ಪಟ್ಟಿಯಲ್ಲಿ ಸಾಮಾನ್ಯವಾಗಿ ಇದ್ದೇ ಇರುತ್ತದೆ. 41 ಹರ್ಟ್ಸ್ ಅನ್ನು ಯಾವ ತೊಂದರೆಯೂ ಇಲ್ಲದೆ ಸಾಗಿಸಬಲ್ಲ ಆ ಸಾಧನ, ಗುಂಡಿ ಒತ್ತಿದೊಡನೆ, ಅರವತ್ತು ಕಿಲೋದ ಆ ಮರದ ಪೆಟ್ಟಿಗೆ 58ರ ಕೆಳಗೆ ಹೇಗೆ ಸೋಲುತ್ತಿತ್ತೋ ಹಾಗೇ ಸೋಲುತ್ತದೆ.